ಎಲ್ಲಿಯಮ್ಮ ಬರೆದ ಕ್ವಾರಿ ನಕ್ಷೆ

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಫೋನೆತ್ತಿದ ಮೇಲೆ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೇರೆಯವರು ಫೋನೆತ್ತಿ "ನಮಸ್ಕಾರ, ಹೇಳಿ" ಎನ್ನುತ್ತಿದ್ದರು. ಇವಳು ಎತ್ತಿದ ಕೂಡಲೇ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲಿ?" ಏನಾಯಿತು, ಯಾರಿಗಾಯಿತು ಎಂಬುದೆಲ್ಲ ಆಮೇಲೆ. ಲೈನು ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಕಳಿಸಬಹುದು. ಜಾಗವೇ ಗೊತ್ತಿಲ್ಲದೆ ಕಾಯಿಲೆಯ ಹೆಸರು ತಿಳಿದು ಏನು ಬಂತು ಎನ್ನುವುದು ಅವಳ ವಾದ. ಒಬ್ಬ ಡ್ರೈವರ್ ತಮಾಷೆಗೆ "ಎಲ್ಲಿಯಮ್ಮ" ಎಂದು ಕರೆದ. ಅದು ಅಂಟಿಕೊಂಡಿತು. ಕೊನೆಗೆ ಮನೆಯಲ್ಲಿ ಅಕ್ಕನೂ ಹಾಗೇ ಕರೆಯತೊಡಗಿದಾಗ ಅವಳು ಕೈಚೆಲ್ಲಿ ಸುಮ್ಮನಾದಳು.

ಕಂಟ್ರೋಲ್ ರೂಮು ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಮೇಲಿತ್ತು. ಕೆಳಗಿನ ಯಂತ್ರಗಳ ಬಿಸಿಗೆ ನೆಲ ಸದಾ ಬೆಚ್ಚಗಿರುತ್ತಿತ್ತು, ಮೇಜಿನ ಮೇಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಒಂದು ಗೋಡೆಯ ತುಂಬ ಊರಿನ ನಕ್ಷೆ. ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದು ಊರನ್ನು ಚೌಕ ಚೌಕ ಮಾಡಿದ್ದರು. ಮೇಲುಗಡೆ ಕ, ಖ, ಗ. ಪಕ್ಕದಲ್ಲಿ ಒಂದು, ಎರಡು, ಮೂರು. ಬಸ್ ಡಿಪೋ ಎಂದರೆ ಜ-ನಾಲ್ಕು, ಹೆಣ್ಣುಮಕ್ಕಳ ಶಾಲೆ ಎಂದರೆ ಗ-ಹನ್ನೊಂದು. ಎಲ್ಲಿಯಮ್ಮನಿಗೆ ಇವೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು. ಕರೆ ಮಾಡಿದವರ ಫೋನು ಎಲ್ಲಿದೆ ಎಂದು ಪರದೆಯ ಮೇಲೆ ಕೆಂಪು ಚುಕ್ಕಿ ಮೂಡುತ್ತಿತ್ತು. ಅದರ ಕೆಳಗೆ ಉದ್ದುದ್ದದ ಎರಡು ಸಂಖ್ಯೆ, ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಸೂಪರ್‌ವೈಸರ್ ಗೋಡೆಯ ನಕ್ಷೆಯನ್ನು ಬಿಚ್ಚಿಸಲು ಹೊರಟಾಗ ಅವಳೇ ತಡೆದಿದ್ದಳು. "ಇರ್ಲಿ ಬಿಡಿ ಸರ್. ಕರೆಂಟ್ ಹೋದ್ರೆ ಗೋಡೆ ಆರಿಹೋಗಲ್ಲ."

ಆ ಕರೆ ಬಂದದ್ದು ಒಂದು ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ. ಗಂಡಸಿನ ದನಿ. ಹೆಂಡತಿಗೆ ಎದೆನೋವು, ಮೈಯೆಲ್ಲ ಬೆವರು, ಎಡಗೈ ಎತ್ತಲಾಗುತ್ತಿಲ್ಲ.

"ಎಲ್ಲಿ?"

"ಹಳೇ ಕ್ವಾರಿ. ಕೆಳಗೆ."

ಚುಕ್ಕಿ ಮೂಡಿತು. ಟ-ಒಂಬತ್ತು, ಹಳೇ ಕಲ್ಲುಕ್ವಾರಿಯ ಅಂಚಿನ ರಸ್ತೆಗೆ ಅಂಟಿಕೊಂಡಂತೆ. 'ಕೆಳಗೆ' ಎಂದರೆ ರಸ್ತೆಯ ಕೆಳಬದಿ ಎಂದುಕೊಂಡು ಅವಳು ಗಾಡಿ ಕಳಿಸಿದಳು. ಒಂಬತ್ತನೇ ನಿಮಿಷಕ್ಕೆ ಗಾಡಿಯೂ ಚುಕ್ಕಿಯೂ ಪರದೆಯ ಮೇಲೆ ಒಂದಾದವು.

"ಬಂದ್ಬಿಟ್ಟಿದ್ದಾರೆ. ಬಾಗಿಲು ತೆಗೆದಿಡಿ," ಎಂದಳು.

"ತೆಗೆದೇ ಇದೆ. ಸೈರನ್ ಕೇಳಿಸ್ತಿದೆ. ಎಲ್ಲಿದ್ದಾರೆ?"

ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಡ್ರೈವರ್ ದನಿ. "ಎಲ್ಲಿಯಮ್ಮ, ಇಲ್ಲಿ ಮನೇನೇ ಇಲ್ಲ. ತಂತಿಬೇಲಿ ಇದೆ. ಬೇಲಿ ಆಚೆ ಬರೀ ಗಾಳಿ."

ಆ ಮನೆ ಅವನ ಕಾಲಡಿಯಲ್ಲಿತ್ತು. ಕ್ವಾರಿಯಲ್ಲಿ ಕಲ್ಲು ತೆಗೆಯುವಾಗ ಬೆಟ್ಟದ ಬಂಡೆಯನ್ನು ಮೆಟ್ಟಿಲಿನ ಹಾಗೆ ಕಡಿದು ಮೇಲಿಂದ ಕೆಳಕ್ಕೆ ಏಳು ಹಂತ ಬಿಟ್ಟಿದ್ದರು. ಕೆಲಸ ನಿಂತು ಎಷ್ಟೋ ವರ್ಷಗಳಾಗಿದ್ದವು. ಜನ ಒಬ್ಬೊಬ್ಬರಾಗಿ ಬಂದು ಹಂತ ಹಂತಕ್ಕೂ ಮನೆ ಕಟ್ಟಿಕೊಂಡಿದ್ದರು. ಚುಕ್ಕಿ ತೋರಿಸಿದ ಮನೆ ಐದನೇ ಹಂತದ್ದು. ಹಕ್ಕಿಗಾದರೆ ನಾಲ್ಕು ಸಲ ರೆಕ್ಕೆ ಬಡಿದರೆ ಮುಗಿಯಿತು. ಮನುಷ್ಯರಿಗೆ ಆ ಬದಿಯಲ್ಲಿ ಇಳಿಯುವ ದಾರಿಯೇ ಇರಲಿಲ್ಲ. ಗಾಡಿಯ ಇಬ್ಬರು ಸಿಬ್ಬಂದಿ ಸ್ಟ್ರೆಚರ್ ಹೊತ್ತು ಅಂಚಿನುದ್ದಕ್ಕೂ ಓಡಿ, ಆಚೆ ಬದಿಯ ಮೆಟ್ಟಿಲು ಹುಡುಕಿ, ಕೇಳಿ ಕೇಳಿ ಇಳಿದು ಆ ಬಾಗಿಲು ಸೇರುವಷ್ಟರಲ್ಲಿ ಇನ್ನೂ ಇಪ್ಪತ್ತಾರು ನಿಮಿಷ ಹೋಗಿತ್ತು. ಅಷ್ಟು ಹೊತ್ತೂ ಆ ಮನುಷ್ಯ ಫೋನಿಡಲಿಲ್ಲ. ಎಲ್ಲಿಯಮ್ಮನೂ ಇಡಲಿಲ್ಲ. ಹೆಂಡತಿಯ ಎದೆ ಹೇಗೆ ಒತ್ತಬೇಕು ಎಂದು ಹೇಳಿಕೊಡುತ್ತ, ಒಂದು ಎರಡು ಎಂದು ಎಣಿಸುತ್ತ ಕೂತಿದ್ದಳು. ಕೊನೆಗೆ ಅವನೇ ಮೆಲ್ಲಗೆ ಹೇಳಿದ: "ಬಂದ್ರು. ಸಾಕು ಬಿಡಿ ಅಮ್ಮ, ಎಣಿಸ್ಬೇಡಿ."

ವಿಚಾರಣೆ ನಡೆಯಿತು. ಗಾಡಿ ಹೊರಟ ಹೊತ್ತು ಸರಿ, ಜಾಗ ಸರಿ, ಚುಕ್ಕಿಗೂ ಮನೆಗೂ ಹತ್ತು ಹೆಜ್ಜೆಯ ವ್ಯತ್ಯಾಸವೂ ಇಲ್ಲ. ಯಾರಿಂದಲೂ ಲೋಪವಾಗಿಲ್ಲ ಎಂದು ಬರೆದು ಕಡತ ಮುಚ್ಚಿದರು. ಸೂಪರ್‌ವೈಸರ್ ಅವಳ ಮೇಜಿನ ಹತ್ತಿರ ಬಂದು, "ನಿಮ್ಮ ತಪ್ಪೇನಿಲ್ಲಮ್ಮ, ಮನಸ್ಸಿಗೆ ಹಚ್ಚಿಕೋಬೇಡಿ," ಎಂದರು. ಆತ ಕೆಟ್ಟವರಲ್ಲ. ಆದರೆ ಆ ಮಾತು ಅವಳಿಗೆ ಹಿಡಿಸಲಿಲ್ಲ. ತಪ್ಪು ತನ್ನದು ಎಂದಿದ್ದರೆ ಅತ್ತು ಮುಗಿಸುತ್ತಿದ್ದಳೇನೋ. ಎಲ್ಲವೂ ಸರಿಯಿದ್ದು ಒಬ್ಬಳು ಸತ್ತಳು ಎಂದರೆ ಎಲ್ಲಿಗೆ ಹೋಗಿ ಅಳುವುದು?

ಮನೆಯಲ್ಲಿ ಅಕ್ಕ ಇದ್ದಳು. ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು. ಮಂಡಿನೋವಿನಿಂದ ಅಡುಗೆಮನೆಯ ಕುರ್ಚಿ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ, ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ. ತಂಗಿ ಎರಡು ದಿನ ತಟ್ಟೆಯ ಮುಂದೆ ಕೂತು ಎದ್ದುಹೋದದ್ದನ್ನು ನೋಡಿದಳು. ಮೂರನೇ ದಿನ ಬಾಯಿಬಿಡಿಸಿದಳು. ಎಲ್ಲ ಕೇಳಿ, ಕಪಾಟಿನಿಂದ ಒಂದೇ ಅಳತೆಯ ಡಬ್ಬಿಗಳನ್ನು ತರಿಸಿ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದಳು.

"ಎದ್ದು ನಿಂತು ಮೇಲಿಂದ ನೋಡು. ಎಷ್ಟು ಡಬ್ಬಿ ಕಾಣಿಸುತ್ತೆ?"

"ಒಂದು."

"ಉಪ್ಪು ಯಾವುದರಲ್ಲಿದೆ?"

ಎಲ್ಲಿಯಮ್ಮ ಮೇಲಿನ ಡಬ್ಬಿಯ ಮುಚ್ಚಳ ತೆಗೆದಳು. ಸಾಸಿವೆ.

"ನಿನ್ನ ಕಂಪ್ಯೂಟರ್ ಸುಳ್ಳು ಹೇಳಲಿಲ್ಲ ಕಣೆ," ಎಂದಳು ಅಕ್ಕ. "ಅಕ್ಷಾಂಶ ಎಷ್ಟು ಉತ್ತರಕ್ಕಿದೆ ಅಂತ ಹೇಳುತ್ತೆ, ರೇಖಾಂಶ ಎಷ್ಟು ಪೂರ್ವಕ್ಕಿದೆ ಅಂತ ಹೇಳುತ್ತೆ. ಎಷ್ಟು ಎತ್ತರದಲ್ಲಿದೆ ಅಂತ ಎರಡೂ ಹೇಳಲ್ಲ. ಅದಕ್ಕೇ ಬೆಟ್ಟಗುಡ್ಡದ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನ ಸೇರಿಸಿ ಸಮೋನ್ನತಿ ರೇಖೆ ಅಂತ ಎಳೀತಾರೆ. ಮೂವತ್ತು ವರ್ಷ ಮಕ್ಕಳ ಕೈಲಿ ಅದರ ವ್ಯಾಖ್ಯೆ ಬಾಯಿಪಾಠ ಮಾಡಿಸಿದೆ. ಇಂಥದ್ದಕ್ಕೆ ಬೇಕಾಗುತ್ತೆ ಅಂತ ಒಂದು ದಿನವೂ ಹೇಳಲಿಲ್ಲ ನೋಡು."

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಹತ್ತಿರದ ಗುಂಡಿಯೂ ನಕ್ಷೆಗೆ ಅಷ್ಟೇ ನುಣ್ಣಗೆ. ಹತ್ತೊಂಬತ್ತು ವರ್ಷ 'ಎಲ್ಲಿ' ಎಂದು ಕೇಳಿದವಳು ಟ-ಒಂಬತ್ತಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮುಂದಿನ ರಜೆಯ ದಿನ ಬೆಳಗ್ಗೆ ಹೊರಟಳು.

ಐದನೇ ಹಂತದ ಆ ಮನೆಯ ಗಂಡಸು ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಬಾಗಿಲ ಮುಂದೆ ಕೂತು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಅವಳು ಬಾಯಿ ತೆರೆದು ಒಂದು ಮಾತಾಡಿದ್ದೇ ತಡ, ಅವನ ಕೈ ನಿಂತಿತು. ಮುಖ ನೋಡಿರದಿದ್ದರೂ ದನಿ ಗುರುತಿತ್ತು.

"ಬಾಗಿಲು ತೆಗೆದಿಡಿ ಅಂದೋರು ನೀವು."

"ಹೌದು."

"ತೆಗೆದಿಟ್ಟಿದ್ದೆ."

"ಗೊತ್ತು ಅಣ್ಣ. ಆ ಬಾಗಿಲು ಎಲ್ಲಿದೆ ಅಂತ ನಾನು ತಿಳ್ಕೊಂಡಿರಲಿಲ್ಲ. ಅದನ್ನ ನೋಡೋಕೆ ಬಂದೆ."

ಅವನು ಬ್ರಷ್ಷನ್ನು ತೊಳೆದು ಮುಗಿಸಿ ಒರೆಸಿಟ್ಟ. ಆಮೇಲೆ ಒಳಗಿನಿಂದ ಒಂದು ಸ್ಟೂಲು ತಂದಿಟ್ಟ. ಕೂತುಕೊಳ್ಳಿ ಎನ್ನಲಿಲ್ಲ, ಸ್ಟೂಲೇ ಹೇಳಿತು.

ಅವತ್ತಿನಿಂದ ಅವಳ ರಜೆಗಳೆಲ್ಲ ಕ್ವಾರಿಯ ಪಾಲಾದವು. ಮೊದಲೆರಡು ಸಲ ಪೇಂಟರ್ ದೂರದಿಂದ ನೋಡುತ್ತಿದ್ದ. ಮೂರನೇ ಸಲ ಜೊತೆಗೆ ನಡೆದ. ಅವಳು ಅಕ್ಕನಿಂದ ಇಸಿದುಕೊಂಡ ಚೌಕದ ಹಾಳೆಯಲ್ಲಿ ಒಂದೊಂದು ಹಂತಕ್ಕೆ ಒಂದೊಂದು ಹಾಳೆ ಎಂದು ಏಳು ಹಾಳೆ ಮಾಡಿದಳು. ಹೆಜ್ಜೆ ಎಣಿಸಿ ಮನೆ ಗುರುತಿಸಿದಳು, ಮೆಟ್ಟಿಲು ಗುರುತಿಸಿದಳು, ಸ್ಟ್ರೆಚರ್ ತಿರುಗದ ಮೂಲೆಗಳಿಗೆ ಕೆಂಪು ಅಡ್ಡಗೆರೆ ಹಾಕಿದಳು. ಮನೆಗೆ ತಂದಾಗ ಅಕ್ಕ ಕನ್ನಡಕ ಏರಿಸಿ ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದಿದಳು. "ಉತ್ತರ ದಿಕ್ಕು ಎಲ್ಲಿ? ಅಳತೆ ಎಲ್ಲಿ? ಎಷ್ಟು ಹೆಜ್ಜೆಗೆ ಒಂದು ಚೌಕ ಅಂತ ಬರೆಯದಿದ್ರೆ ಇದು ನಕ್ಷೆ ಅಲ್ಲ, ರಂಗೋಲಿ." ಎಲ್ಲಿಯಮ್ಮನಿಗೆ ಸಿಟ್ಟು ಬಂತು. ಆದರೂ ಮುಂದಿನ ವಾರ ಟೇಪು ಹಿಡಿದು ತನ್ನ ಹೆಜ್ಜೆಯನ್ನೇ ಅಳೆದುಕೊಂಡಳು.

ಹಾಳೆಗಳು ಮುಗಿಯುತ್ತ ಬಂದಂತೆ ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಮೇಲಿನ ಮೂರು ಹಂತಕ್ಕೆ ಅಂಚಿನ ರಸ್ತೆಯಿಂದ ಇಳಿಯುವುದು ಹತ್ತಿರ. ನಾಲ್ಕರಿಂದ ಏಳಕ್ಕೆ ಬೆಟ್ಟ ಸುತ್ತಿ, ಹಿಂದೆ ಕಲ್ಲಿನ ಲಾರಿ ಓಡಾಡುತ್ತಿದ್ದ ಕೆಳರಸ್ತೆಯಿಂದ ಹತ್ತಬೇಕು. ಪರದೆಯಲ್ಲಿ ಅದು ಐದು ಕಿಲೋಮೀಟರ್ ಹೆಚ್ಚು, ಗಡಿಯಾರದಲ್ಲಿ ಹದಿನಾರು ನಿಮಿಷ ಕಡಿಮೆ. ಆ ಮಂಗಳವಾರ ಬೇಲಿಯ ಬಳಿ ನಿಂತಿದ್ದ ಡ್ರೈವರೇ ತನ್ನ ರಜೆಯಲ್ಲಿ ಬಂದು ಎರಡೂ ದಾರಿಯಲ್ಲಿ ಗಾಡಿ ಓಡಿಸಿ, ಖಾಲಿ ಸ್ಟ್ರೆಚರ್ ಹೊತ್ತು ಹತ್ತಿ ಇಳಿದು ಲೆಕ್ಕ ಹಿಡಿದ. "ಖಾಲಿ ಹೊತ್ರೆ ಸರಿ ಲೆಕ್ಕ ಸಿಗಲ್ಲ," ಎಂದು ಎರಡನೇ ಸಲ ಎಲ್ಲಿಯಮ್ಮನನ್ನೇ ಮಲಗಿಸಿದ. ದಾರಿಯುದ್ದದ ಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬಂದು, ಕಣ್ಣುಬಿಟ್ಟುಕೊಂಡೇ ಹೋಗುತ್ತಿರುವ ರೋಗಿಯನ್ನು ನೋಡಿ ನಕ್ಕರು.

ಇನ್ನುಳಿದದ್ದು ಮನೆಗಳಿಗೆ ನಂಬರು. ಮೊದಲು ಹಂತ, ಆಮೇಲೆ ಮನೆ: ಐದು, ಹನ್ನೆರಡು ಎಂದರೆ ಐದನೇ ಹಂತದ ಹನ್ನೆರಡನೇ ಮನೆ. ಮಕ್ಕಳೂ ಹೇಳುವಂತಿರಬೇಕು. ಬರೆಯುವ ಕೆಲಸ ತನ್ನದು ಎಂದ ಪೇಂಟರ್. ಬೋರ್ಡುಗಳಿಗೆ ಬಳಸಿ ಉಳಿದ ಬಣ್ಣ ಅವನ ಮನೆಯಲ್ಲಿ ಬೇಕಾದಷ್ಟಿತ್ತು.

ಆದರೆ ಎರಡನೇ ಹಂತದಲ್ಲಿ ಬ್ರಷ್ ಎತ್ತುವಷ್ಟರಲ್ಲಿ ಒಬ್ಬ ಅಜ್ಜಿ ಅಡ್ಡ ನಿಂತಳು. ಕ್ವಾರಿಗೆ ಮೊದಲು ಬಂದ ಸಂಸಾರಗಳಲ್ಲಿ ಅವಳದೂ ಒಂದು.

"ನನ್ನ ಗೋಡೆಗೆ ಬೇಡ."

"ಆಂಬುಲೆನ್ಸ್ ಬರೋಕೆ ಅಜ್ಜಿ," ಎಂದಳು ಎಲ್ಲಿಯಮ್ಮ.

"ನಾನು ಮೊದಲಿದ್ದ ಜಾಗಕ್ಕೂ ಹಿಂಗೇ ಬಂದು ನಂಬರ್ ಬರೆದ್ರು ಮಗಳೆ. ಎಷ್ಟು ಮನೆ ಅಂತ ಲೆಕ್ಕ ಸಿಕ್ತು. ಆಮೇಲೆ ಕೆಡವೋ ಯಂತ್ರ ಬಂತು. ಲೆಕ್ಕ ಸಿಗದೆ ಇರೋವಷ್ಟು ದಿನ ನಮ್ಮನ್ನ ಯಾರೂ ಮುಟ್ಟಿರಲಿಲ್ಲ."

ನಕ್ಷೆಯಲ್ಲಿ ಇಲ್ಲದಿರುವುದು ಕೆಲವರಿಗೆ ಆಸರೆಯೂ ಆಗಬಹುದು ಎಂದು ಎಲ್ಲಿಯಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣಿಗೆ ಬೀಳದಿದ್ದರೆ ಗಾಡಿ ಬರುವುದಿಲ್ಲ. ಕಣ್ಣಿಗೆ ಬಿದ್ದರೆ ಯಂತ್ರ ಬರಬಹುದು. ಯಾವುದಕ್ಕೆಂದು ಭರವಸೆ ಕೊಡುವುದು? ಯಂತ್ರ ಬರುವುದಿಲ್ಲ ಎಂದು ಆಣೆಯಿಡಲು ಅವಳು ಯಾರು?

"ಬರಲ್ಲ ಅಂತ ನಾನು ಹೇಳಲಾರೆ ಅಜ್ಜಿ," ಎಂದಳು ಕೊನೆಗೆ. "ಈ ಹಾಳೆ ನಮ್ಮ ಕಂಟ್ರೋಲ್ ರೂಮು ಬಿಟ್ಟು ಬೇರೆ ಆಫೀಸಿಗೆ ನನ್ನ ಕೈಯಿಂದ ಹೋಗಲ್ಲ. ಅಷ್ಟು ಮಾತ್ರ ನನ್ನ ಕೈಲಿದೆ. ನಂಬರ್ ಬೇಡ ಅಂದೋರಿಗೆ ಬೇಡ."

ಅಜ್ಜಿ ಒಪ್ಪಲಿಲ್ಲ, ಇನ್ನೂ ಹನ್ನೊಂದು ಮನೆಯವರೂ ಒಪ್ಪಲಿಲ್ಲ. ಆ ಮನೆಗಳ ಜಾಗದಲ್ಲಿ ಎಲ್ಲಿಯಮ್ಮ ಬರೀ ಚೌಕ ಬಿಟ್ಟಳು. ಅಜ್ಜಿಯ ಚೌಕದಲ್ಲಿ ಮಾತ್ರ 'ಅಜ್ಜಿ ಮನೆ' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಳು. ಕ್ವಾರಿಯ ಮಕ್ಕಳೆಲ್ಲ ದಾರಿ ಹೇಳುತ್ತಿದ್ದುದೇ ಹಾಗೆ: ಅಜ್ಜಿ ಮನೆ ದಾಟಿ ಎಡಕ್ಕೆ, ಅಜ್ಜಿ ಮನೆಗಿಂತ ಎರಡು ಮೆಟ್ಟಿಲು ಮೇಲೆ. ನಂಬರು ಇಲ್ಲದ ಆ ಮನೆಯೇ ಇಡೀ ಹಂತಕ್ಕೆ ಗುರುತಾಗಿತ್ತು.

ಕೊನೆಯ ದಿನ ಪೇಂಟರ್ ಐದನೇ ಹಂತಕ್ಕೆ ಬಂದ. ತನ್ನ ಮನೆಯ ನಂಬರನ್ನು ಎಲ್ಲಕ್ಕಿಂತ ನಿಧಾನವಾಗಿ ಬರೆದ. ಹಳದಿ ಅಂಕಿ, ಸುತ್ತ ಕಪ್ಪು ಅಂಚು. ಬರೆಯುತ್ತಲೇ, ಗೋಡೆಯ ಕಡೆಗೇ ಮುಖ ಮಾಡಿ ಕೇಳಿದ.

"ಅವತ್ತು ಇದೆಲ್ಲ ಇದ್ದಿದ್ರೆ ಅವಳು ಉಳೀತಿದ್ಲಾ?"

ಎಲ್ಲಿಯಮ್ಮ ಈ ಪ್ರಶ್ನೆಗೆ ತಿಂಗಳುಗಳಿಂದ ಕಾಯುತ್ತಿದ್ದಳು. ಆಸ್ಪತ್ರೆಯ ಡಾಕ್ಟರನ್ನು ಕೇಳಿಯೂ ಇದ್ದಳು.

"ಹದಿನಾರು ನಿಮಿಷ ಉಳೀತಿತ್ತು ಅಣ್ಣ. ಅಷ್ಟರಲ್ಲಿ ಕೆಲವರು ಉಳೀತಾರೆ, ಕೆಲವರು ಉಳಿಯಲ್ಲ ಅಂದ್ರು ಡಾಕ್ಟರು. ಅವರು ಉಳೀತಿದ್ರಾ ಅಂತ ಯಾರಿಗೂ ಗೊತ್ತಾಗಲ್ಲ."

ಅವನು ತಲೆದೂಗಿದ. ಸಮಾಧಾನದ ಮಾತುಗಳನ್ನು ಅವನು ಇಡೀ ಕ್ವಾರಿಯಲ್ಲಿ ಕೇಳಿ ಕೇಳಿ ಬೇಸತ್ತಿದ್ದ. "ಗೊತ್ತಿಲ್ಲ ಅಂತ ನೀವೊಬ್ಬರೇ ಹೇಳಿದ್ದು," ಎಂದು ಅಂಕಿಯ ಕಪ್ಪು ಅಂಚನ್ನು ಮತ್ತೊಮ್ಮೆ ತೀಡಿದ.

ಕಂಟ್ರೋಲ್ ರೂಮಿನಲ್ಲಿ ಏಳು ಹಾಳೆಗಳನ್ನು ಗೋಡೆಯ ನಕ್ಷೆಯ ಪಕ್ಕ ಒಂದರ ಕೆಳಗೊಂದು ಅಂಟಿಸಿದಾಗ ಸೂಪರ್‌ವೈಸರ್ ಮೊದಲು ಗೊಣಗಿದರು. ಇಡೀ ಊರಿಗೆ ಒಂದು ನಕ್ಷೆ, ಒಂದು ಗುಂಡಿಗೆ ಏಳೇ ಎಂದು ನಕ್ಕರು. ಐದು ವಾರ ಕ್ವಾರಿಯಿಂದ ಒಂದು ಕರೆಯೂ ಬರಲಿಲ್ಲ. ಆರನೇ ವಾರ ಒಂದು ಮಧ್ಯಾಹ್ನ ಹೆಣ್ಣುಮಗುವಿನ ದನಿ "ಆರು, ಮೂರು" ಎಂದಷ್ಟೇ ಹೇಳಿತು, ಲೈನು ಕಟ್ಟಾಯಿತು. ಎಲ್ಲಿಯಮ್ಮ ಡ್ರೈವರಿಗೆ ಹೇಳಿದ್ದು ಎರಡೇ ಮಾತು: "ಕೆಳರಸ್ತೆ. ಆರು-ಮೂರು." ಹದಿನೆಂಟು ನಿಮಿಷಕ್ಕೆ ಅವರು ಆ ಮನೆಯೊಳಗಿದ್ದರು. ಮಗುವಿನ ತಾಯಿ ಉಸಿರು ಕಟ್ಟಿ ನೆಲಕ್ಕೆ ಬಿದ್ದಿದ್ದಳು, ತುಟಿ ನೀಲಿಗಟ್ಟಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡೇ ಮನೆ ಹತ್ತಿದಳು.

ಎಲ್ಲರೂ ಹಾಗೆ ಉಳಿದರು ಎಂದಲ್ಲ. ಮುಂದಿನ ತಿಂಗಳು ಒಬ್ಬ ಮುದುಕನಿಗೆ ಗಾಡಿ ಬೇಗ ಬಂದೂ ಏನೂ ಮಾಡಲಾಗಲಿಲ್ಲ. ಆದರೆ ಕರೆಗಳು ಬರತೊಡಗಿದವು.

ವರ್ಷದ ಕೊನೆಗೆ ಸೂಪರ್‌ವೈಸರ್ ಗೋಡೆಯ ನಕ್ಷೆಯಲ್ಲಿ ಕರೆ ಬಂದ ಜಾಗಕ್ಕೆಲ್ಲ ಗುಂಡುಸೂಜಿ ಚುಚ್ಚಿಸುವ ಪದ್ಧತಿಯಿತ್ತು. ಹಿಂದಿನ ವರ್ಷಗಳಲ್ಲಿ ಮಾರುಕಟ್ಟೆ, ಬಸ್ ಡಿಪೋ ಸುತ್ತ ಸೂಜಿಗಳು ಇರುವೆ ಮುತ್ತಿದಂತೆ ಇರುತ್ತಿದ್ದವು. ಟ-ಒಂಬತ್ತರಲ್ಲಿ ಮೂರೋ ನಾಲ್ಕೋ. ಕ್ವಾರಿಯವರ ಮೈ ಕಲ್ಲಿನ ಮೈ, ಕಾಯಿಲೆ ಬೀಳುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಈ ವರ್ಷ ಅಲ್ಲಿ ನಲವತ್ತೊಂದು ಸೂಜಿ.

ಸೂಪರ್‌ವೈಸರ್ ಗಾಬರಿಯಾದರು. "ಏನಮ್ಮ ಇದು, ಕ್ವಾರಿಯಲ್ಲಿ ಕಾಯಿಲೆ ಹತ್ತು ಪಟ್ಟು ಹೆಚ್ಚಾಗಿದೆ. ನೀರು ಕೆಟ್ಟಿದೆಯೋ ಏನೋ. ಮೇಲಿನವರಿಗೆ ಬರೀಬೇಕು."

"ಕಾಯಿಲೆ ಹೆಚ್ಚಾಗಿಲ್ಲ ಸರ್," ಎಂದಳು ಎಲ್ಲಿಯಮ್ಮ. "ಮೊದಲು ಅವರು ಫೋನ್ ಮಾಡ್ತಾನೇ ಇರಲಿಲ್ಲ. ಕುರ್ಚಿಗೆ ಕಟ್ಟಿ ಹೆಗಲ ಮೇಲೆ ಹೊತ್ಕೊಂಡು ಮೇಲೆ ಬರ್ತಿದ್ರು. ಅರ್ಧ ಜನ ದಾರೀಲೇ... ಇದು ರೋಗಿಗಳ ಸೂಜಿ ಅಲ್ಲ. ಫೋನ್ ಮಾಡಿದ್ರೆ ಬರ್ತಾರೆ ಅಂತ ನಂಬಿದೋರ ಸೂಜಿ."

ಸೂಪರ್‌ವೈಸರ್ ನಕ್ಷೆಯ ಹತ್ತಿರಕ್ಕೆ ಬಂದರು. ಆಮೇಲೆ ಸೂಜಿ ಕಾಣದ ಬೇರೆ ಚೌಕಗಳ ಮೇಲೆ ಬೆರಳಾಡಿಸಿದರು: ನದಿಯಾಚೆಯ ಇಟ್ಟಿಗೆ ಗೂಡುಗಳು, ರೈಲ್ವೆ ಹಳಿಯ ಹಿಂದಿನ ಸಾಲು. "ಹಾಗಾದ್ರೆ ಇಲ್ಲಿ?" ಎಂದರು. ಕೇಳಿದ್ದು ಅವಳನ್ನಲ್ಲ, ತಮ್ಮನ್ನೇ ಎಂಬಂತಿತ್ತು.

ಮುಂದಿನ ವರ್ಷ ಒಂದು ಗಾಡಿಯನ್ನು ಆಸ್ಪತ್ರೆಯ ಅಂಗಳದಿಂದ ತೆಗೆದು ಕೆಳರಸ್ತೆಯ ಹಳೇ ಶೆಡ್ಡಿನಲ್ಲಿ ನಿಲ್ಲಿಸಿದರು. ಡ್ರೈವರ್ ಗಾಜಿನ ಮೇಲೆ ಧೂಳು ಎಂದು ದಿನಾ ಬೈಯುತ್ತಿದ್ದ, ಆದರೆ ಬೇರೆ ಕಡೆ ವರ್ಗ ಕೇಳಲಿಲ್ಲ. ಇಟ್ಟಿಗೆ ಗೂಡುಗಳ ನಕ್ಷೆ ಮಾಡುವ ಕೆಲಸ ಇಬ್ಬರು ಹೊಸ ಆಪರೇಟರುಗಳ ಪಾಲಿಗೆ ಬಂತು. ಹೆಡ್‌ಫೋನ್ ಕೊಡುವ ಮೊದಲು ಎಲ್ಲಿಯಮ್ಮ ಅವರನ್ನು ಕ್ವಾರಿಯ ಏಳೂ ಹಂತ ಹತ್ತಿಸಿ ಇಳಿಸಿದಳು. ಈಗ 'ಎಲ್ಲಿ?' ಆದ ಕೂಡಲೇ ಅವಳು ಕೇಳುವ ಎರಡನೇ ಪ್ರಶ್ನೆಯನ್ನು ಅವರೂ ಕಲಿತರು: "ಮೇಲೋ ಕೆಳಗೋ?"

ನಕ್ಷೆ ಬರೆದು ಮುಗಿಯಿತು ಎಂದುಕೊಂಡದ್ದು ಮಾತ್ರ ಅವಳ ತಪ್ಪು. ಮೂರು ತಿಂಗಳಿಗೊಮ್ಮೆ ಹೋದರೆ ಎಲ್ಲೋ ಒಂದು ಗೋಡೆ ಬಿದ್ದಿರುತ್ತದೆ, ಇನ್ನೆಲ್ಲೋ ಹೊಸ ತಗಡು ಹೊಳೆಯುತ್ತಿರುತ್ತದೆ. ಮೊನ್ನೆ ನಾಲ್ಕನೇ ಹಂತದಲ್ಲಿ ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವಿನ ಸಂದಿಯಲ್ಲಿ ಒಂದು ಮನೆ ಎದ್ದಿತ್ತು. ಹೊಸದಾಗಿ ಮದುವೆಯಾದ ಜೋಡಿ. ಬಾಗಿಲಿಗೆ ಇನ್ನೂ ಹಲಗೆ ಬಂದಿರಲಿಲ್ಲ, ಗೋಣಿತಾಟು ತೂಗುತ್ತಿತ್ತು. ಹುಡುಗಿ ಓಡಿಬಂದು ಕೇಳಿದಳು, "ಅಕ್ಕ, ನಮ್ಮ ನಂಬರ್ ಎಷ್ಟು?"

ಎಲ್ಲಿಯಮ್ಮ ಹಾಳೆ ನೋಡಿದಳು, ಪೇಂಟರ್ ಅವಳ ಮುಖ ನೋಡಿದ. ಆ ಸಾಲನ್ನೆಲ್ಲ ಅಳಿಸಿ ಮತ್ತೆ ಬರೆಯುವುದೆಂದರೆ ಮಕ್ಕಳು ಕಲಿತದ್ದೆಲ್ಲ ತಲೆಕೆಳಗಾಗುತ್ತದೆ.

"ಹನ್ನೊಂದೂವರೆ," ಎಂದಳು.

"ಗಂಟೆ ಹೇಳಿದ ಹಾಗಿದೆ," ಎಂದು ಹುಡುಗಿಯ ಗಂಡ ನಕ್ಕ.

"ಅರ್ಧ ನಾನು ಯಾವತ್ತೂ ಬರೆದಿಲ್ಲ," ಎಂದ ಪೇಂಟರ್. ಗೋಡೆಯ ಸಿಮೆಂಟು ಒಣಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಹಳದಿ ಡಬ್ಬಿಯ ಮುಚ್ಚಳ ತೆಗೆದ.